ಸುಣ್ಣಕಲ್ಲಿನ ನೆಲಕ್ಕೆ ಹೂವಿನ ಸಣ್ಣ ಮರಗಳು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂಬ ಊರುಗಳ ಹೆಸರನ್ನು ಕೇಳಿದೊಡನೆ ನಮಗೆ ನೆನಪಾಗುವುದು ಹಾಸುಗಲ್ಲು, ಸಿಮೆಂಟು, ತೊಗರಿ ಮತ್ತು ಬಿಸಿಲು. ಹೂದೋಟ ಯಾರಿಗೂ ನೆನಪಾಗುವುದಿಲ್ಲ. ವೈಶಾಖದಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಪ್ರತಿ ವರ್ಷದ ವಾಡಿಕೆ. ಮಳೆಯ ಬಹುಭಾಗ ಜೂನಿನಿಂದ ಅಕ್ಟೋಬರದೊಳಗೆ ಬಿದ್ದು ಮುಗಿಯುತ್ತದೆ; ಉಳಿದ ಏಳು ತಿಂಗಳು ನೆಲ ಒಣಗಿಯೇ ಇರುತ್ತದೆ. ಮನೆಯ ಗೋಡೆ ಕಲ್ಲು, ನೆಲ ಕಲ್ಲು, ಹಳೆಯ ಮನೆಗಳಲ್ಲಿ ಮಾಳಿಗೆಯೂ ಕಲ್ಲು. ಹಗಲೆಲ್ಲ ಕಾದ ಈ ಕಲ್ಲು ರಾತ್ರಿಯವರೆಗೂ ಬಿಸಿಯನ್ನು ಒಳಗೆ ಬಿಡುತ್ತಲೇ ಇರುತ್ತದೆ. ಇಂತಹ ಮನೆಯ ಅಂಗಳದಲ್ಲಿ ಒಂದು ಮರವಿದ್ದರೆ ಅದು ಅಲಂಕಾರವೂ ಹೌದು, ಮನೆಯವರ ಆರೋಗ್ಯಕ್ಕೆ ಆಸರೆಯೂ ಹೌದು.

ಆದರೆ ಅಂಗಳ ಚಿಕ್ಕದು. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಜಾಗ ಸಿಕ್ಕರೆ ಅದೇ ದೊಡ್ಡದು. ಆ ಜಾಗಕ್ಕೆಂದು ಹೂವಿನ ಅಂದವನ್ನಷ್ಟೇ ನೋಡಿ ಸಸಿಯನ್ನು ತಂದು ನೆಟ್ಟವರು ಹಲವರು. ಮೊದಲ ವರ್ಷ ಸಸಿ ಚಿಗುರುತ್ತದೆ. ಎರಡನೆಯ ವರ್ಷ ಎಲೆಗಳು ಹಳದಿಗೆ ತಿರುಗುತ್ತವೆ. ನೀರು ಹೆಚ್ಚು ಹಾಕಿದರೆ ಇನ್ನಷ್ಟು ಹಳದಿಯಾಗುತ್ತವೆ. ಮೂರನೆಯ ಅಥವಾ ನಾಲ್ಕನೆಯ ಬೇಸಿಗೆಯಲ್ಲಿ ಗಿಡ ಒಣಗುತ್ತದೆ. ಕಾಯಿಪಲ್ಲೆಯ ಬೀಜ ಕೈಕೊಟ್ಟರೆ ಮೂರು ತಿಂಗಳಲ್ಲಿ ಮತ್ತೆ ಬಿತ್ತಬಹುದು. ಮರ ಕೈಕೊಟ್ಟರೆ ಹೋಗುವುದು ನಾಲ್ಕು ವರ್ಷಗಳ ನೆರಳು. ಆದಕಾರಣ ಮರವನ್ನು ಆರಿಸುವ ಮುನ್ನ ನೆಲವನ್ನೂ, ಸೂರ್ಯನ ದಾರಿಯನ್ನೂ, ಮರದ ಹುಟ್ಟೂರನ್ನೂ ಅರಿತುಕೊಳ್ಳುವುದು ಅವಶ್ಯ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ನೆಲದಡಿಯ ಕಲ್ಲು

ಈ ಐದು ಊರುಗಳ ಸುತ್ತಿನ ಸುಣ್ಣಕಲ್ಲು ಭೂವಿಜ್ಞಾನಿಗಳು ಭೀಮಾ ದ್ರೋಣಿ ಎಂದು ಕರೆಯುವ ಪ್ರದೇಶಕ್ಕೆ ಸೇರಿದ್ದು. ಭೂಮಿಯ ಮೇಲೆ ಮರಗಳು ಹುಟ್ಟುವುದಕ್ಕಿಂತ ಬಹು ಮುಂಚೆ ಇಲ್ಲಿ ಆಳವಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರಪದರವಾಗಿ ಕೂತು, ಒತ್ತಡಕ್ಕೆ ಸಿಕ್ಕಿ ಕಲ್ಲಾಯಿತು. ಪದರಗಳು ಪುಸ್ತಕದ ಹಾಳೆಗಳಂತೆ ಮಟ್ಟಸವಾಗಿರುವುದರಿಂದಲೇ ಕಲ್ಲುಕುಟಿಗನು ಉಳಿ ಸುತ್ತಿಗೆಗಳಿಂದ ಅವನ್ನು ಹಲಗೆಗಳಂತೆ ಬಿಡಿಸಬಲ್ಲನು. ದೇಶದ ನಾನಾ ಕಡೆಗಳಲ್ಲಿ ಮನೆಯ ನೆಲಕ್ಕೆ ಹಾಸುವ ಶಹಾಬಾದಿ ಫರಸಿ ಇದೇ. ಇದೇ ಕಲ್ಲನ್ನು ಜೇಡಿಯೊಡನೆ ಸುಟ್ಟು ಅರೆದರೆ ಸಿಮೆಂಟು. ಶಹಾಬಾದ್, ವಾಡಿ, ಸೇಡಂಗಳ ಕಡೆಗೆ ಸಿಮೆಂಟಿನ ಕಾರಖಾನೆಗಳು ಬಂದದ್ದು ಈ ಕಾರಣದಿಂದ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಲಾವಾರಸ ಹರಿಯಿತು. ಅದು ಆರಿ ಕಪ್ಪು ಬಂಡೆಯಾಗಿ, ಬಂಡೆ ಸವೆದು ಎರೆಮಣ್ಣಾಯಿತು. ಹೀಗೆ ಈ ಸೀಮೆಯ ಹಲವು ಕಡೆ ಮೇಲೆ ಎರೆ, ಕೆಳಗೆ ಸುಣ್ಣಕಲ್ಲು. ಎರೆಯಲ್ಲಿಯೂ ಸುಣ್ಣದ ಬಿಳಿಯ ಹರಳುಗಳು ಬೆರೆತಿರುವುದನ್ನು ಹೊಲದಲ್ಲಿ ನಡೆದವರೆಲ್ಲ ನೋಡಿರುತ್ತಾರೆ. ತೊಗರಿಗೆ ಇದು ಒಗ್ಗಿದ ನೆಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ತೊಗರಿಗೆ ಒಗ್ಗಿದ್ದು ಸಂಪಿಗೆಗೂ ಒಗ್ಗಬೇಕೆಂಬ ನಿಯಮವಿಲ್ಲ.

ಎರೆಗೆ ಇನ್ನೊಂದು ಗುಣವುಂಟು. ಅದರಲ್ಲಿರುವ ಜೇಡಿಯ ಕಣಗಳು ತೆಳುವಾದ ಹಾಳೆಗಳ ಕಟ್ಟಿನಂತಿದ್ದು, ಹಾಳೆಗಳ ನಡುವೆ ನೀರು ಹೊಕ್ಕಾಗ ಉಬ್ಬುತ್ತವೆ, ಹೊರಟಾಗ ಕುಗ್ಗುತ್ತವೆ. ಮಳೆಗಾಲದಲ್ಲಿ ಉಬ್ಬಿದ ಮಣ್ಣಿನ ರಂಧ್ರಗಳು ಮುಚ್ಚಿಕೊಂಡು ಬೇರುಗಳಿಗೆ ಆಮ್ಲಜನಕ ಸಾಲದಾಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕೈ ಹೋಗುವಷ್ಟು ಅಗಲವಾಗಿ ಬಿರಿದು ಎಳೆಯ ಬೇರುಗಳನ್ನು ಹರಿಯುತ್ತದೆ. ಇಲ್ಲಿ ಬದುಕುವ ಮರವು ವರ್ಷಕ್ಕೊಮ್ಮೆ ಉಸಿರುಕಟ್ಟುವುದನ್ನೂ, ವರ್ಷಕ್ಕೊಮ್ಮೆ ಬೇರು ಕಡಿಯುವುದನ್ನೂ ಸಹಿಸಬೇಕು.

ಎಲೆ ಹಳದಿಯಾಗುವುದೇಕೆ?

ಸುಣ್ಣದ ನೆಲದಲ್ಲಿ ಎಲೆ ಹಳದಿಯಾಗುವುದಕ್ಕೆ ಮುಖ್ಯ ಕಾರಣ ಕಬ್ಬಿಣದ ಕೊರತೆ. ವಿಚಿತ್ರವೆಂದರೆ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ; ಗಿಡಕ್ಕೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಕಬ್ಬಿಣ ಅಲ್ಲಿಯೇ ಇದೆ. ಆದರೆ ಅದು ತುಕ್ಕಿನಂತಹ ಆಕ್ಸೈಡಿನ ರೂಪದಲ್ಲಿದೆ. ಬೇರು ಹೀರಬೇಕಾದರೆ ಕಬ್ಬಿಣ ನೀರಿನಲ್ಲಿ ಕರಗಬೇಕು. ಆಮ್ಲಗುಣವುಳ್ಳ ಮಣ್ಣಿನಲ್ಲಿ ಅದು ತಕ್ಕಮಟ್ಟಿಗೆ ಕರಗುತ್ತದೆ. ಕ್ಷಾರಗುಣ ಹೆಚ್ಚಿದಂತೆ ಕರಗುವಿಕೆ ಎಷ್ಟು ಬೇಗ ಕುಸಿಯುತ್ತದೆಂದರೆ, ಪಿಎಚ್ ಅಂಕವು ಒಂದು ಏರಿದಾಗ ಕರಗುವ ಫೆರಿಕ್ ಕಬ್ಬಿಣವು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸುಣ್ಣ ತುಂಬಿದ ಮಣ್ಣಿನ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುತ್ತದೆ. ಉಗ್ರಾಣ ತುಂಬಿದ್ದರೂ ಬಾಗಿಲಿಗೆ ಬೀಗ ಬಿದ್ದಂತಹ ಸ್ಥಿತಿ ಇದು.

ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ಅಣುವಿನ ನಡುವೆ ಇರುವುದು ಮೆಗ್ನೀಸಿಯಂ, ಕಬ್ಬಿಣವಲ್ಲ. ಆದರೆ ಆ ಅಣುವನ್ನು ಕಟ್ಟುವ ಕಾರ್ಯದಲ್ಲಿ ಕಬ್ಬಿಣ ಬೇಕೇ ಬೇಕು. ಅದು ದೊರೆಯದಿದ್ದರೆ ಎಲೆ ಹಸಿರಾಗದು. ಹಸಿರಿಲ್ಲದ ಎಲೆ ಆಹಾರವನ್ನು ತಯಾರಿಸದು. ಆಹಾರವಿಲ್ಲದ ಬೇರು ಹೊಸ ಮಣ್ಣಿಗೆ ಚಾಚದು. ಹೀಗೆ ಒಂದರಿಂದೊಂದಕ್ಕೆ ಕ್ಷೀಣತೆ ಹಬ್ಬುತ್ತದೆ.

ಎಲೆ ಹಳದಿಯಾದುದೆಲ್ಲ ಕಬ್ಬಿಣದ ಕೊರತೆಯೆಂದು ತಿಳಿಯಬಾರದು. ಸಾರಜನಕದ ಕೊರತೆಯಿಂದಲೂ ಎಲೆ ಹಳದಿಯಾಗುತ್ತದೆ. ಎರಡನ್ನೂ ಬೇರ್ಪಡಿಸುವುದು ಸುಲಭ. ಸಾರಜನಕವನ್ನು ಗಿಡವು ಹಳೆಯ ಎಲೆಗಳಿಂದ ಹಿಂದಕ್ಕೆ ತೆಗೆದು ಚಿಗುರಿಗೆ ಕಳುಹಿಸಬಲ್ಲುದು. ಆದ್ದರಿಂದ ಅದರ ಕೊರತೆ ಕೆಳಗಿನ ಮುದಿ ಎಲೆಗಳಲ್ಲಿ ಮೊದಲು ಕಾಣುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸುವುದು ಗಿಡಕ್ಕೆ ಕಷ್ಟ. ಅದರ ಕೊರತೆ ತುದಿಯ ಎಳೆಯ ಎಲೆಗಳಲ್ಲಿ ಮೊದಲು ತಲೆದೋರುತ್ತದೆ. ಅಷ್ಟೇ ಅಲ್ಲದೆ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗಿ, ಹಸಿರು ದಾರದ ಬಲೆಯಂತೆ ಕಾಣುತ್ತದೆ. ಕೇಪಳ ಎಂದೂ ಇಕ್ಸೋರ ಎಂದೂ ಕರೆಯುವ ಹೂಗಿಡದಲ್ಲಿ ಈ ಲಕ್ಷಣ ಅತ್ಯಂತ ಸ್ಪಷ್ಟ. ನಿಂಬೆ, ಬಾಟಲ್‌ಬ್ರಷ್ ಇವುಗಳಲ್ಲಿಯೂ ಇದನ್ನು ಕಾಣಬಹುದು. ಮಲೆನಾಡಿನ ತೋಟಗಳ ಮೆಚ್ಚಿನ ಸಂಪಿಗೆ ತುಸು ಆಮ್ಲದ, ತೇವದ ಮಣ್ಣನ್ನು ಬಯಸುವ ಮರ. ಸುಣ್ಣದ ನೆಲದಲ್ಲಿ ಅದನ್ನು ನೆಟ್ಟು ನಿರಾಶರಾಗುವುದಕ್ಕಿಂತ ನೆಡದಿರುವುದೇ ಲೇಸು.

ಮಣ್ಣನ್ನೇ ಬದಲಾಯಿಸಬಹುದೆ?

ಕ್ಷಾರವನ್ನು ಆಮ್ಲದಿಂದ ತೊಡೆಯಬಹುದಲ್ಲವೆ ಎಂದು ರಸಾಯನಶಾಸ್ತ್ರ ಓದಿದ ವಿದ್ಯಾರ್ಥಿ ಕೇಳಬಹುದು. ಗಂಧಕವನ್ನು ಮಣ್ಣಿಗೆ ಬೆರೆಸಿದರೆ ಸೂಕ್ಷ್ಮಜೀವಿಗಳು ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಮಾತು ನಿಜ. ಆದರೆ ಲೆಕ್ಕ ಹಾಕಿ ನೋಡೋಣ. ಗಂಧಕದ ಪರಮಾಣು ತೂಕ 32, ಕ್ಯಾಲ್ಸಿಯಂ ಕಾರ್ಬೊನೇಟಿನ ಅಣು ತೂಕ 100. ಅಂದರೆ 32 ಕಿಲೋ ಗಂಧಕ 100 ಕಿಲೋ ಸುಣ್ಣವನ್ನು ತೊಡೆಯಬಲ್ಲುದು. ಒಂದು ಘನ ಮೀಟರ್ ಮಣ್ಣು 1,300 ಕಿಲೋ ತೂಗುತ್ತದೆಂದೂ ಅದರಲ್ಲಿ ನೂರಕ್ಕೆ ಹತ್ತು ಪಾಲು ಸುಣ್ಣವಿದೆಯೆಂದೂ ಇಟ್ಟುಕೊಳ್ಳೋಣ. ಸುಣ್ಣ 130 ಕಿಲೋ ಆಯಿತು. ಅದಕ್ಕೆ ಬೇಕಾದ ಗಂಧಕ ಸುಮಾರು 42 ಕಿಲೋ. ಒಂದು ಗಿಡದ ಒಂದು ಗುಂಡಿಗೆ ಇಷ್ಟು! ಬೇರು ಗುಂಡಿಯನ್ನು ದಾಟಿದ ದಿನ ಮತ್ತೆ ಸುಣ್ಣವೇ ಎದುರಾಗುತ್ತದೆ.

ಕಬ್ಬಿಣದ ಸಲ್ಫೇಟನ್ನು ಮಣ್ಣಿಗೆ ಸುರಿದರೆ ಅದು ಬೇಗನೆ ಕರಗದ ರೂಪಕ್ಕೆ ತಿರುಗಿ ಉಗ್ರಾಣವನ್ನು ಸೇರುತ್ತದೆ. ಎಲೆಗಳ ಮೇಲೆ ಅದರ ತೆಳುದ್ರಾವಣವನ್ನು ಚಿಮುಕಿಸಿದರೆ ಕೆಲವು ವಾರ ಹಸಿರು ಮರಳುತ್ತದೆ. ಹೊಸ ಚಿಗುರು ಬಂದಾಗ ಮತ್ತೆ ಅದೇ ಕಥೆ. ಇ.ಡಿ.ಡಿ.ಎಚ್.ಎ. ಎಂಬ ಸಂಯುಕ್ತದೊಡನೆ ಬಂಧಿಸಿದ ಕಬ್ಬಿಣ ಸುಣ್ಣದ ಮಣ್ಣಿನಲ್ಲಿಯೂ ಕರಗಿರುತ್ತದೆ. ಆದರೆ ಅದು ದುಬಾರಿ. ಮೇಲಾಗಿ ಮರ ಬದುಕಿರುವವರೆಗೂ ಹಾಕುತ್ತಲೇ ಇರಬೇಕು.

ಬೇರೆ ಕಡೆಯಿಂದ ಕೆಂಪು ಮಣ್ಣನ್ನು ತಂದು ಗುಂಡಿಗೆ ತುಂಬುವ ಪದ್ಧತಿಯೂ ಉಂಟು. ಮೊದಲೆರಡು ವರ್ಷ ಇದರಿಂದ ಫಲ ಕಂಡೀತು. ಆದರೆ ಸುಣ್ಣಕಲ್ಲಿನೊಳಗಿಂದ ಬರುವ ಕೊಳವೆಬಾವಿಯ ನೀರು ತನ್ನೊಡನೆ ಕ್ಯಾಲ್ಸಿಯಂ ಬೈಕಾರ್ಬೊನೇಟನ್ನು ಹೊತ್ತು ತರುತ್ತದೆ. ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಚಕ್ಕೆ ಇದರದೇ ಗುರುತು. ನೀರು ಹಾಕಿದಷ್ಟೂ ಸುಣ್ಣ ಹಾಕಿದಂತೆ. ಹಳದಿ ಗಿಡಕ್ಕೆ ಹೆಚ್ಚು ನೀರೆರೆದರೆ ಅದು ಇನ್ನಷ್ಟು ಹಳದಿಯಾಗುವುದರ ಗುಟ್ಟೂ ಇಲ್ಲಿದೆ: ನೀರಿನ ಬೈಕಾರ್ಬೊನೇಟು ಬೇರಿನ ಸುತ್ತ ಕ್ಷಾರವನ್ನು ಕಾಪಾಡುತ್ತದೆ, ತೇವ ಮಿತಿಮೀರಿದ ಮಣ್ಣಿನಲ್ಲಿ ಬೇರಿಗೆ ಉಸಿರೂ ಸಾಲದಾಗುತ್ತದೆ. ಹೀಗಿರಲು ಮರಕ್ಕೆ ತಕ್ಕಂತೆ ನೆಲವನ್ನು ಬದಲಾಯಿಸುವ ಆಸೆಯನ್ನು ಬಿಟ್ಟು ನೆಲಕ್ಕೆ ತಕ್ಕ ಮರವನ್ನು ಹುಡುಕುವುದೇ ವಿವೇಕ.

ಮರದ ತವರು

ಎಲ್ಲ ಗಿಡಗಳೂ ಸುಣ್ಣಕ್ಕೆ ಸೋಲುವುದಿಲ್ಲ. ಕೆಲವು ಜಾತಿಗಳ ಬೇರುಗಳು ಕಬ್ಬಿಣ ಸಾಲದಾದಾಗ ತಮ್ಮ ಸುತ್ತ ಆಮ್ಲವನ್ನು ಒಸರಿಸುತ್ತವೆ. ಫೆರಿಕ್ ಕಬ್ಬಿಣವನ್ನು ಸುಲಭವಾಗಿ ಕರಗುವ ಫೆರಸ್ ಕಬ್ಬಿಣವಾಗಿ ಮಾರ್ಪಡಿಸಿ ಒಳಗೆ ಎಳೆದುಕೊಳ್ಳುತ್ತವೆ. ಬೀಗಕ್ಕೆ ಕೀಲಿ ಅವುಗಳ ಬೇರಿನಲ್ಲಿಯೇ ಇದೆ. ಈ ಶಕ್ತಿ ಯಾವ ಮರಕ್ಕೆ ಹೆಚ್ಚು ಎಂಬುದನ್ನು ಊಹಿಸಲು ಒಂದು ಸುಲಭವಾದ ಉಪಾಯವುಂಟು. ಆ ಮರ ತಾನಾಗಿ ಬೆಳೆಯುವ ತವರು ಎಂತಹುದು ಎಂದು ಕೇಳುವುದು. ಸುಣ್ಣದ ಬಂಡೆ, ಸುಡುವ ಬಿಸಿಲು, ಒಂದೇ ಮಳೆಗಾಲ ಇವು ಮೂರೂ ಅಲ್ಲಿದ್ದರೆ ಆ ಮರಕ್ಕೆ ಶಹಾಬಾದ್ ಪರದೇಶವೆನಿಸದು.

ವೆಸ್ಟ್ ಇಂಡೀಸಿನ ಹಲವು ದ್ವೀಪಗಳು, ಮೆಕ್ಸಿಕೋದ ಯುಕಟಾನ್, ಮಡಗಾಸ್ಕರಿನ ಪಶ್ಚಿಮ ಮತ್ತು ಉತ್ತರ ಭಾಗಗಳು ಇಂತಹ ಪ್ರದೇಶಗಳು. ಮಡಗಾಸ್ಕರಿನ ಸುಣ್ಣಕಲ್ಲಿನ ಒಣಕಾಡು ಗುಲ್‌ಮೊಹರಿನ ತವರು. ನಮ್ಮ ಬೀದಿಗಳಲ್ಲಿ ಮೇ ತಿಂಗಳಲ್ಲಿ ಬೆಂಕಿ ಹೊತ್ತಿದಂತೆ ಅದು ಅರಳುವುದು ಆಕಸ್ಮಿಕವಲ್ಲ. ಆದರೆ ಅದು ಕೊಡೆಯಂತೆ ಅಗಲವಾಗಿ ಹರಡುವ ಮರ. ಬೇರುಗಳು ಮೇಲ್ಮಟ್ಟದಲ್ಲಿಯೇ ಚಾಚಿ ಕಟ್ಟೆಯನ್ನು ಎಬ್ಬಿಸುತ್ತವೆ. ಕೊಂಬೆಗಳು ಗಾಳಿಗೆ ಮುರಿಯುತ್ತವೆ. ನೆಲದ ಪರೀಕ್ಷೆಯಲ್ಲಿ ಗೆದ್ದರೂ ಚಿಕ್ಕ ಅಂಗಳದ ಪರೀಕ್ಷೆಯಲ್ಲಿ ಅದು ಸೋಲುತ್ತದೆ. ಬೇವು, ಹೊಂಗೆ, ಆಲ, ಅರಳಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇವು ಬೀದಿಗೂ ಬಯಲಿಗೂ ಭೂಷಣ; ಅಂಗಳಕ್ಕೆ ಹೊರೆ.

ಸೂರ್ಯನ ದಾರಿ, ಅಂಗಳದ ಅಳತೆ

ಸಣ್ಣ ಮರದಿಂದ ನೆರಳು ಸಾಕಾದೀತೆ ಎಂಬ ಸಂದೇಹ ಸಹಜ. ಈ ಊರುಗಳಿರುವುದು ಉತ್ತರ ಅಕ್ಷಾಂಶ 17 ಡಿಗ್ರಿಯ ಆಸುಪಾಸಿನಲ್ಲಿ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ಇಲ್ಲಿ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಕಂಬಕ್ಕೂ ನೆರಳಿಲ್ಲ. ಅಂಗಳದಲ್ಲಿ ಎಷ್ಟು ಎತ್ತರದ ಮರವಿದ್ದರೂ ಅದರ ನೆರಳು ಬುಡದಲ್ಲಿಯೇ ಬೀಳುತ್ತದೆ. ಮನೆಗೆ ಮರದಿಂದ ಉಪಕಾರವಾಗುವುದು ಮಧ್ಯಾಹ್ನ ಕಳೆದ ಮೇಲೆ, ಪಶ್ಚಿಮದ ಗೋಡೆ ಕಾಯುವ ಹೊತ್ತಿನಲ್ಲಿ.

ಆ ದಿನಗಳಲ್ಲಿ ಗಡಿಯಾರದ ಮೂರೂಕಾಲು ಗಂಟೆಯ ಸುಮಾರಿಗೆ ಸೂರ್ಯನ ಎತ್ತರ ದಿಗಂತದಿಂದ 47 ಡಿಗ್ರಿ. ನಾಲ್ಕೂಕಾಲರ ಸುಮಾರಿಗೆ 33 ಡಿಗ್ರಿ. ಪಶ್ಚಿಮದ ಗೋಡೆಯಿಂದ 10 ಅಡಿ ದೂರದಲ್ಲಿ 16 ಅಡಿ ಎತ್ತರದ ಮರವಿದೆಯೆನ್ನೋಣ. ತ್ರಿಕೋಣಮಿತಿಯ ಲೆಕ್ಕದಂತೆ ಮೂರೂಕಾಲಕ್ಕೆ ಅದರ ನೆರಳು ಗೋಡೆಯ ಮೇಲೆ 5 ಅಡಿಯಷ್ಟು ಏರಿರುತ್ತದೆ. ನಾಲ್ಕೂಕಾಲಕ್ಕೆ ಒಂಬತ್ತೂವರೆ ಅಡಿ, ಅಂದರೆ ಹೆಚ್ಚು ಕಡಿಮೆ ಇಡೀ ಗೋಡೆ. ಹದಿನಾರು ಅಡಿಯ ಮರ ಸಾಕು ಎಂಬುದಕ್ಕೆ ಇದೇ ಪ್ರಮಾಣ.

ಆದರೆ ಆಳವಾದ ಎರೆಯ ಮೇಲೆ ಕಟ್ಟಿದ ಮನೆಗೆ ಒಂದು ಎಚ್ಚರ ಅಗತ್ಯ. ಮರದ ಬೇರು ತಳಪಾಯದ ಬಳಿಯ ನೀರನ್ನು ಹೀರಿದಾಗ ಎರೆ ಕುಗ್ಗಿ ಗೋಡೆ ಬಿರಿಯಬಹುದು. ಇಂತಹ ಕಡೆ ಮರವು ಬೆಳೆದು ನಿಂತಾಗ ಎಷ್ಟು ಎತ್ತರವಿರುವುದೋ ಕನಿಷ್ಠ ಅಷ್ಟು ದೂರವನ್ನು ಬಿಡುವುದು ಕ್ಷೇಮ. ಹದಿನಾರು ಅಡಿ ದೂರದಲ್ಲಿ ನೆಟ್ಟರೂ ಐದು ಗಂಟೆಯ ಹೊತ್ತಿಗೆ ನೆರಳು ಗೋಡೆಯ ಮೇಲೆ 9 ಅಡಿ ಏರುತ್ತದೆ. ಬಂಡೆಯ ಮೇಲೆಯೇ ತಳಪಾಯವಿರುವ ಶಹಾಬಾದಿನಂತಹ ಕಡೆ ಈ ಭಯ ಕಡಿಮೆ. ಅಲ್ಲಿ 10 ಅಡಿ ಸಾಕು.

ಇಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಆ ಮರದ ಮೇಲೆ ಎಲೆ ಇರುತ್ತದೆಯೆ? ಒಣಸೀಮೆಯ ಅನೇಕ ಮರಗಳು ನೀರನ್ನು ಉಳಿಸುವುದಕ್ಕಾಗಿ ಬೇಸಿಗೆಗೆ ಮುಂಚೆಯೇ ಎಲೆ ಉದುರಿಸಿ ಬರಿಯ ಕೊಂಬೆಯ ಮೇಲೆ ಹೂ ಬಿಡುತ್ತವೆ. ಕಣ್ಣಿಗೆ ಹಬ್ಬ, ಗೋಡೆಗೆ ಬಿಸಿಲು. ಆದ್ದರಿಂದ ಪಶ್ಚಿಮದ ಕಡೆಗೆ ಸದಾ ಹಸಿರಾಗಿರುವ ಮರವನ್ನೂ, ಬಾಗಿಲ ಮುಂದೆ ಅಥವಾ ಪೂರ್ವದ ಕಡೆಗೆ ಎಲೆ ಉದುರಿಸುವ ಮರವನ್ನೂ ಇಡುವುದು ಯುಕ್ತ.

ಯಾವ ಊರಿಗೆ ಯಾವ ಮರ

ಶಹಾಬಾದಿನ ಅಂಗಳಗಳಲ್ಲಿ ಮಣ್ಣು ತೆಳು, ಬಂಡೆ ಹತ್ತಿರ. ಇಲ್ಲಿಗೆ ದೇವಕಣಗಿಲೆ ಒಪ್ಪುವ ಮರ. ಅಮೆರಿಕಾ ಖಂಡದ ಉಷ್ಣಭಾಗ ಮತ್ತು ವೆಸ್ಟ್ ಇಂಡೀಸ್ ಇದರ ತವರು. ಪ್ಲುಮೇರಿಯ ಎಂಬ ಶಾಸ್ತ್ರೀಯ ನಾಮವು 1646ರಿಂದ 1704ರವರೆಗೆ ಬದುಕಿದ್ದ ಫ್ರೆಂಚ್ ಸಂನ್ಯಾಸಿ ಮತ್ತು ಸಸ್ಯಶಾಸ್ತ್ರಜ್ಞ ಶಾರ್ಲ್ ಪ್ಲುಮಿಯೆಯ ನೆನಪಿಗಾಗಿ ಬಂದುದು. ದಪ್ಪನೆಯ ರಸವತ್ತಾದ ಕೊಂಬೆಗಳಲ್ಲಿ ನೀರನ್ನು ಕೂಡಿಟ್ಟುಕೊಂಡು ಬೇಸಿಗೆಯನ್ನು ಕಳೆಯುತ್ತದೆ. ಇದರ ಹೂವಿನಲ್ಲಿ ಮಕರಂದವಿಲ್ಲ. ರಾತ್ರಿಯ ಪರಿಮಳಕ್ಕೆ ಮರುಳಾದ ದೊಡ್ಡ ಪತಂಗಗಳು ಮಕರಂದವನ್ನು ಹುಡುಕುತ್ತ ಹೂವಿಂದ ಹೂವಿಗೆ ಅಲೆದು ಪರಾಗವನ್ನು ಸಾಗಿಸುತ್ತವೆ. ಕೊಂಬೆಯನ್ನು ಕಡಿದು, ಗಾಯದ ಹಾಲು ಒಣಗುವಂತೆ ಒಂದು ವಾರ ನೆರಳಿನಲ್ಲಿಟ್ಟು ನೆಟ್ಟರೆ ಬೇರೂರುತ್ತದೆ. ಹಾಲು ಕಣ್ಣಿಗೂ ಚರ್ಮಕ್ಕೂ ತಾಗದಂತೆ ಎಚ್ಚರವಿರಲಿ. ಬೇಸಿಗೆಯ ಮೊದಲಲ್ಲಿ ಎಲೆಯಿಲ್ಲದಿರುವುದರಿಂದ ಇದು ಬಾಗಿಲ ಮುಂದಿನ ಮರ, ಪಶ್ಚಿಮದ್ದಲ್ಲ.

ಪಶ್ಚಿಮಕ್ಕೆ ಗ್ವಾಯಕಂ ಉತ್ತಮ. ವೆಸ್ಟ್ ಇಂಡೀಸಿನ ಒಣ ಕರಾವಳಿಯ ಈ ಮರ ಮೆಲ್ಲಗೆ ಬೆಳೆದು, ಗುಂಡಾದ ದಟ್ಟ ಹಸಿರು ತಲೆಯನ್ನು ತಳೆದು, ನೀಲಿ ಹೂಗಳನ್ನು ಬಿಡುತ್ತದೆ. ಜಮೈಕಾ ದೇಶದ ರಾಷ್ಟ್ರೀಯ ಹೂ ಇದೇ. ಇದರ ಕಟ್ಟಿಗೆ ನೀರಿನಲ್ಲಿ ಮುಳುಗುವಷ್ಟು ಭಾರ. ತನ್ನಲ್ಲಿಯೇ ಎಣ್ಣೆಯಂತಹ ರಾಳವಿರುವುದರಿಂದ ಹಿಂದೆ ಹಡಗಿನ ತಿರುಪಿನ ದಂಡಕ್ಕೆ ಬೇರಿಂಗಾಗಿ ಬಳಸುತ್ತಿದ್ದರು. ತವರಿನಲ್ಲಿ ಅತಿಯಾಗಿ ಕಡಿದ ಕಾರಣ ಅದು ಅಳಿವಿನಂಚಿಗೆ ಬಂದಿದೆ. ಹತ್ತಾರು ವರ್ಷ ಕಾಯುವ ತಾಳ್ಮೆಯುಳ್ಳವರು ಇದನ್ನು ನೆಡಬೇಕು. ಬೇಗ ಬೆಳೆಯಬೇಕೆನ್ನುವವರಿಗೆ ನಮ್ಮ ಚಳ್ಳೆಹಣ್ಣಿನ ಮರದ ಬಂಧುವಾದ, ಕಿತ್ತಳೆಗೆಂಪು ಹೂ ಬಿಡುವ ಕಾರ್ಡಿಯ ಸೆಬೆಸ್ಟೀನ ಇದೆ.

ವಾಡಿ ಜಂಕ್ಷನ್ನಿಗೆ 1874ರಲ್ಲಿ ಸಿಕಂದರಾಬಾದಿನ ಕಡೆಯಿಂದ ರೈಲುಮಾರ್ಗ ಬಂದು ಕೂಡಿತು. ಕಲ್ಲಿನ ಜೊತೆಗೆ ಲೋಹದ ಹಳಿಗಳೂ ಊರಿನ ಗುರುತಾದವು. ಕಲ್ಲಿನ ಗಣಿ, ಸಿಮೆಂಟು, ಲಾರಿಗಳ ಓಡಾಟ ಇರುವ ಇಂತಹ ಕಡೆ ಮರವು ದೂಳನ್ನೂ ತಾಳಬೇಕು. ಎಲೆಯ ಮೇಲೆ ಕೂತ ದೂಳು ಬೆಳಕನ್ನು ತಡೆಯುತ್ತದೆ. ಸಿಮೆಂಟಿನ ದೂಳಾದರೋ ಇಬ್ಬನಿಯೊಡನೆ ಸೇರಿ ಗಟ್ಟಿಯಾದ ಚಕ್ಕೆಯಾಗಬಹುದು. ರೋಮವುಳ್ಳ ಒರಟು ಎಲೆ ದೂಳನ್ನು ಹಿಡಿದಿಡುತ್ತದೆ; ನುಣುಪಾದ ಮೇಣದ ಎಲೆ ಒಂದು ಮಳೆಗೆ ಅಥವಾ ಒಂದು ಕೊಡ ನೀರಿಗೆ ಶುಭ್ರವಾಗುತ್ತದೆ. ಹೀಗಾಗಿ ಒರಟು ಎಲೆಯ ಕಾರ್ಡಿಯವನ್ನೂ ಪಾರಿಜಾತವನ್ನೂ ವಾಡಿಯಲ್ಲಿ ರಸ್ತೆಯ ಕಡೆಗೆ ಇಡಬಾರದು.

ದೂಳಿಗೂ ಬರಕ್ಕೂ ಅಂಜದ ಗಿಡ ಕಣಗಿಲೆ. ಅದರ ಎಲೆಯ ಕೆಳಗಿನ ಮೈಯಲ್ಲಿ ಚಿಕ್ಕ ಗುಳಿಗಳಿವೆ. ಪತ್ರರಂಧ್ರಗಳು ಗುಳಿಗಳ ಒಳಗೆ, ಸೂಕ್ಷ್ಮ ರೋಮಗಳ ಮರೆಯಲ್ಲಿ ಅಡಗಿವೆ. ಬಿಸಿಗಾಳಿಗೆ ಅವು ನೇರವಾಗಿ ಸಿಗುವುದಿಲ್ಲ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಎಲೆಯ ಅಡ್ಡಕೊಯ್ತವನ್ನಿಟ್ಟರೆ ಈ ರಚನೆ ಚೆನ್ನಾಗಿ ಕಾಣುತ್ತದೆ. ಒಂದೇ ಕಾಂಡವನ್ನು ಬಿಟ್ಟು ಉಳಿದುದನ್ನು ಸವರುತ್ತ ಬಂದರೆ ಕಣಗಿಲೆ ಹತ್ತು ಹನ್ನೆರಡು ಅಡಿಯ ಪುಟ್ಟ ಮರವಾಗುತ್ತದೆ. ಆದರೆ ಕಣಗಿಲೆ, ಹಳದಿ ಕಣಗಿಲೆ ಎರಡೂ ಪ್ರಾಣಾಂತಿಕ ವಿಷದ ಗಿಡಗಳು. ಹಳದಿ ಕಣಗಿಲೆಯ ಬೀಜ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಚಿಕ್ಕ ಮಕ್ಕಳೋ ದನಕರುಗಳೋ ಇರುವ ಮನೆಗೆ ಇವು ಸಲ್ಲವು. ಅಂತಹ ಮನೆಗೆ ದಾಳಿಂಬೆಯನ್ನು ಹೇಳಬಹುದು. ಸುಣ್ಣವನ್ನೂ ಬಿಸಿಲನ್ನೂ ತಾಳುವ, ನುಣುಪು ಎಲೆಯ, ಕೆಂಪು ಹೂವಿನ ಈ ಗಿಡವನ್ನು ಬರಿಯ ಹಣ್ಣಿನ ಗಿಡವೆಂದು ಅಂಗಳದ ಮೂಲೆಗೆ ತಳ್ಳುವುದು ಅನ್ಯಾಯ.

ಚಿತ್ತಾಪುರದ ಎರೆಗೂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಒಳಗೊಂಡ ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಎರೆಗೂ ಬೇರೆ ಗುಣದ ಮರ ಬೇಕು. ಇಲ್ಲಿ ಉಸಿರುಕಟ್ಟುವ ಮಳೆಗಾಲವನ್ನು ತಾಳುವುದೇ ದೊಡ್ಡ ಪರೀಕ್ಷೆ. ಮುತ್ತಲ ಎಂದು ಈ ಕಡೆ ಕರೆಯುವ ಮುತ್ತುಗವು ನೀರು ನಿಲ್ಲುವ ಕರಿಮಣ್ಣಿನಲ್ಲಿಯೂ ಬದುಕುತ್ತದೆ. ಬಹು ನಿಧಾನವಾಗಿ ಬೆಳೆಯುವುದರಿಂದ ಬಹುಕಾಲ ಸಣ್ಣ ಮರವಾಗಿಯೇ ಇರುತ್ತದೆ. ಹೋಳಿಯ ಹೊತ್ತಿಗೆ ಕೆಂಡದಂತಹ ಹೂ ಬಿಡುತ್ತದೆ. ಅಂಗಳ ತುಸು ದೊಡ್ಡದಿದ್ದರೆ ಕಕ್ಕೆಯನ್ನೂ ನೆಡಬಹುದು. ಅದರ ಚಿನ್ನದ ಬಣ್ಣದ ಗೊಂಚಲು ತೂಗುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ. ಎರಡೂ ಎಲೆ ಉದುರಿಸುವ ಮರಗಳಾದುದರಿಂದ ಪೂರ್ವದ ಕಡೆಗೆ ಇರಲಿ. ಹಳದಿ ಗಂಟೆಯಂತಹ ಹೂವಿನ ಟೆಕೋಮ ಸ್ಟ್ಯಾನ್ಸ್ ಎಂಬ ಅಮೆರಿಕಾದ ಗಿಡ ಸುಣ್ಣದಲ್ಲಿ ಸೊಗಸಾಗಿ ಬೆಳೆಯುವುದೇನೋ ನಿಜ. ಆದರೆ ಅದರ ಹಗುರವಾದ ಬೀಜ ಗಾಳಿಗೆ ಹಾರಿ ಹಬ್ಬುತ್ತದೆ. ದಕ್ಷಿಣ ಆಫ್ರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಅದು ಕಳೆಯೆನಿಸಿಕೊಂಡಿದೆ. ನೆಟ್ಟವರು ಕಾಯಿಗಳನ್ನು ಬಲಿಯುವ ಮುನ್ನವೇ ಕತ್ತರಿಸಬೇಕು.

ಚಿಂಚೋಳಿಯ ಮಾತು ಸ್ವಲ್ಪ ಬೇರೆ. ಈ ತಾಲ್ಲೂಕಿನಲ್ಲಿ ಗುಡ್ಡಗಳೂ ಒಣ ಎಲೆಯುದುರುವ ಕಾಡೂ ಇವೆ. 2011ರಲ್ಲಿ ಇಲ್ಲಿ ವನ್ಯಜೀವಿಧಾಮವನ್ನು ಘೋಷಿಸಲಾಯಿತು. ಎತ್ತರದ ಕೆಲವು ಕಡೆ ಸುಣ್ಣ ತೊಳೆದು ಹೋದ ಕೆಂಪು ಮಣ್ಣೂ ಸಿಗುತ್ತದೆ. ಒಣ ಬಂಡೆಯ ಇಳಿಜಾರಿನಲ್ಲಿ ತಾನಾಗಿ ಬೆಳೆಯುವ ಪಾರಿಜಾತ ಇಂತಹ ನೆಲಕ್ಕೆ ತಕ್ಕುದು. ಸಂಜೆ ಅರಳಿ ಬೆಳಗಿಗೆ ಉದುರುವ ಅದರ ಹೂವಿನ ಕಿತ್ತಳೆ ಬಣ್ಣದ ಕೊಳವೆಯಲ್ಲಿ ಕೇಸರಿಯ ವರ್ಣದ್ರವ್ಯಕ್ಕೆ ಸಂಬಂಧಿಸಿದ ಬಣ್ಣವಿದ್ದು, ಹಿಂದೆ ರೇಷ್ಮೆಗೆ ಬಣ್ಣ ಕಟ್ಟಲು ಅದನ್ನು ಬಳಸುತ್ತಿದ್ದರು. ಅದರಂತೆಯೇ ಬಾಹೀನಿಯ ರೆಸಿಮೋಸ ಎಂಬ, ದಖ್ಖನ್ನಿನ ಒಣಕಾಡುಗಳ ಡೊಂಕು ಮರವೂ ಅಂಗಳಕ್ಕೆ ಒಪ್ಪುತ್ತದೆ. ಮಹಾರಾಷ್ಟ್ರದಲ್ಲಿ ದಸರೆಯ ದಿನ ಬಂಗಾರವೆಂದು ಹಂಚಿಕೊಳ್ಳುವುದು ಇದರ ಜೋಡಿ ಎಲೆಯನ್ನೇ.

ನೆಡುವ ಕ್ರಮ

ಗುಂಡಿಯನ್ನು ಮಳೆಗೆ ಮುಂಚೆಯೇ ತೋಡಬೇಕು. ಮೂರು ಅಡಿ ಉದ್ದ, ಅಗಲ, ಆಳ ಇರಲಿ. ಬಂಡೆಯಲ್ಲಿ ತೋಡಿದ ಗುಂಡಿ ನೀರು ಹೊರಹೋಗದ ತೊಟ್ಟಿಯಾಗಿ ಬೇರನ್ನು ಕೊಳೆಸುವ ಅಪಾಯವಿದೆ. ಆದ್ದರಿಂದ ತಳದಲ್ಲಿ ಹಾರೆಯಿಂದ ಒಂದು ಸಂದನ್ನಾದರೂ ಬಿಡಿಸಬೇಕು. ಸುಣ್ಣಕಲ್ಲಿನ ಪದರಗಳನ್ನು ಅಡ್ಡಡ್ಡವಾಗಿ ಸೀಳುವ ಸಂದುಗಳಿರುವುದರಿಂದ ಇದು ಅಸಾಧ್ಯವಲ್ಲ. ಮುಂದೆ ಬೇರು ಆ ಸಂದುಗಳಲ್ಲಿಯೇ ಇಳಿದು ಆಳದ ತೇವವನ್ನು ಮುಟ್ಟುತ್ತದೆ. ತೋಡಿದ ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಿ ಅದನ್ನೇ ತುಂಬಬೇಕು. ಎರೆಯಲ್ಲಿ ಗಿಡದ ಬುಡ ಅಂಗಳದ ಮಟ್ಟಕ್ಕಿಂತ ಅರ್ಧ ಅಡಿ ಎತ್ತರದ ದಿಬ್ಬದ ಮೇಲಿರಲಿ. ಬುಡದ ಸುತ್ತ ಒಣ ಎಲೆಯನ್ನೋ ತೊಗರಿಯ ಹೊಟ್ಟನ್ನೋ ಹರಡಿದರೆ ಮಣ್ಣು ಬಿರಿಯುವುದು ಕಡಿಮೆಯಾಗುತ್ತದೆ. ನೀರನ್ನು ದಿನವೂ ತುಸು ತುಸು ಹಾಕುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಹಾಕುವುದು ಮೇಲು. ಮಾಳಿಗೆಯ ಮಳೆನೀರನ್ನು ಕೂಡಿಟ್ಟು ಹಾಕಿದರೆ ಇನ್ನೂ ಮೇಲು, ಏಕೆಂದರೆ ಅದರಲ್ಲಿ ಸುಣ್ಣವಿಲ್ಲ.

ಮಾಡಿ ನೋಡಿ

ನಮ್ಮ ವಿದ್ಯಾರ್ಥಿ ವಾಚಕರು ತಮ್ಮ ಅಂಗಳದಲ್ಲಿ ಮೂರು ಪರೀಕ್ಷೆಗಳನ್ನು ಮಾಡಬಹುದು. ಮೊದಲನೆಯದು: ಒಂದು ಚಮಚ ಒಣ ಮಣ್ಣಿನ ಮೇಲೆ ನಿಂಬೆಯ ರಸವನ್ನು ಹಿಂಡಿರಿ, ಶಾಲೆಯ ಪ್ರಯೋಗಶಾಲೆಯಲ್ಲಾದರೆ ಉಪಾಧ್ಯಾಯರ ಎದುರಿನಲ್ಲಿ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಹಾಕಿರಿ. ಬುರುಬುರು ನೊರೆ ಎದ್ದರೆ ಅದು ಸುಣ್ಣದಿಂದ ಹೊರಟ ಇಂಗಾಲಾಮ್ಲ ವಾಯು. ನೊರೆ ಹೆಚ್ಚಿದಷ್ಟೂ ಸುಣ್ಣ ಹೆಚ್ಚು. ಎರಡನೆಯದು: ಒಂದೂವರೆ ಅಡಿ ಆಳದ ಗುಂಡಿಗೆ ನೀರು ತುಂಬಿ ಮರುದಿನ ನೋಡಿರಿ. ನೀರು ಇನ್ನೂ ನಿಂತಿದ್ದರೆ ದಿಬ್ಬದ ಮೇಲೆ ನೆಡಬೇಕು, ಇಲ್ಲವೆ ಮುತ್ತುಗದಂತಹ ಮರವನ್ನು ಆರಿಸಬೇಕು. ಮೂರನೆಯದು: ಊರಿನ ಹಳೆಯ ಅಂಗಳಗಳನ್ನೂ ಗುಡಿಯ ಆವರಣಗಳನ್ನೂ ಶಾಲೆಯ ಬಯಲನ್ನೂ ಸುತ್ತಿ, ಯಾರೂ ಆರೈಕೆ ಮಾಡದೆಯೂ ಚೆನ್ನಾಗಿರುವ ಸಣ್ಣ ಮರಗಳ ಪಟ್ಟಿಯನ್ನು ಬರೆಯಿರಿ, ತುದಿಯ ಎಲೆ ಹಳದಿಯಾದ ಗಿಡಗಳ ಪಟ್ಟಿಯನ್ನು ಪಕ್ಕದಲ್ಲಿ ಬರೆಯಿರಿ.

ಮೂರನೆಯ ಪರೀಕ್ಷೆಗೆ ಒಂದು ಕಾಸೂ ಬೇಡ. ಆದರೆ ಮೂರರಲ್ಲಿ ಹೆಚ್ಚು ಬೆಲೆಯುಳ್ಳದ್ದು ಅದೇ. ಮಣ್ಣು, ನೀರು, ಬಿಸಿಲು, ದೂಳು ಇವೆಲ್ಲವನ್ನೂ ಹಲವು ವರ್ಷ ಒಟ್ಟಿಗೆ ಎದುರಿಸಿದ ಮರಗಳ ಸಾಕ್ಷ್ಯ ಅದರಲ್ಲಿದೆ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸಸಿ ತರಲು ಹೊರಡಿರಿ. ಈ ಜೂನಿನಲ್ಲಿ ಸರಿಯಾಗಿ ಆರಿಸಿ ನೆಟ್ಟ ಸಸಿ, ನೀವು ಕಾಲೇಜು ಮುಗಿಸಿ ಊರಿಗೆ ಮರಳುವ ಹೊತ್ತಿಗೆ, ಪಶ್ಚಿಮದ ಗೋಡೆಗೆ ನೆರಳನ್ನು ಕೊಡತೊಡಗಿರುತ್ತದೆ.